ಕೂತಿರುವುದು ಬೇರೆ, ಸುಮ್ನೆ ಕೂತಿರುವುದು ಬೇರೆ

ನಮ್ಮ ಸೋದರಮಾವ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡು ಒಂಬತ್ತು ವರ್ಷವಾಯಿತು. ಸೊಂಟದಿಂದ ಕೆಳಗೆ ಅಲುಗಾಟವೂ ಇಲ್ಲ, ಮುಟ್ಟಿದರೆ ಗೊತ್ತಾಗುವುದೂ ಇಲ್ಲ. ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ವೀಲ್‌ಚೇರ್‌ನಲ್ಲೇ ಇರುತ್ತಾರೆ. ಎರಡು ವರ್ಷದ ಹಿಂದೆ ರಕ್ತ ಪರೀಕ್ಷೆಯಲ್ಲಿ ಅವರಿಗೆ ಸಕ್ಕರೆ ಅಂಶ ಜಾಸ್ತಿ ಬಂತು. ರಿಪೋರ್ಟ್ ನೋಡಿದ ಡಾಕ್ಟರು, "ತುಂಬಾ ಹೊತ್ತು ಕೂತಿರಬೇಡಿ, ಆಗಾಗ ಎದ್ದು ಓಡಾಡಿ" ಅಂದರು. ದಿನಕ್ಕೆ ನೂರು ಸಲ ಹೇಳುವ ಮಾತು, ರೂಢಿಯಲ್ಲಿ ಬಾಯಿಗೆ ಬಂದಿತ್ತು. ಮಾವ ಅಲ್ಲಿ ಏನೂ ಹೇಳಲಿಲ್ಲ. ಕಾರಿನಲ್ಲಿ ವಾಪಸ್ ಬರುವಾಗ ನನ್ನನ್ನು ಕೇಳಿದರು: "ಹಾಗಾದ್ರೆ ನಾನು ಏನು ಮಾಡ್ಬೇಕು ಮಾರಾಯ?"

ಆ ಪ್ರಶ್ನೆಗೆ ಉತ್ತರ ಇದೆ. ಅದನ್ನು ಹುಡುಕುತ್ತಾ ಓದಿದ್ದು, ಕೇಳಿದ್ದು, ಮನೆಯಲ್ಲಿ ಮಾಡಿ ನೋಡಿದ್ದು ಎಲ್ಲ ಸೇರಿ ಈ ಲೇಖನ. ಜಗತ್ತಿನಲ್ಲಿ ಒಂದೂವರೆ ಕೋಟಿಗಿಂತ ಹೆಚ್ಚು ಜನ ಬೆನ್ನುಹುರಿಯ ಪೆಟ್ಟಿನೊಂದಿಗೆ ಬದುಕುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ಮುಖ್ಯ ಕಾರಣ ಎರಡು: ಎತ್ತರದಿಂದ ಬೀಳುವುದು ಮತ್ತು ರಸ್ತೆ ಅಪಘಾತ. ಕರಾವಳಿ, ಮಲೆನಾಡಿನವರಿಗೆ ಮೊದಲನೆಯದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಡಿಕೆ ಮರ, ತೆಂಗಿನ ಮರ, ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡಲು ಹತ್ತಿದ ಮಾಡು. ಬಿದ್ದವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನ ಗಂಡಸರು. ಅವರ ಮುಂದೆ ಇನ್ನೂ ಮೂವತ್ತು, ನಲವತ್ತು ವರ್ಷದ ಬದುಕು ಇರುತ್ತದೆ.

ಕೂರುವುದಕ್ಕೂ ಸೋಮಾರಿತನಕ್ಕೂ ನಮ್ಮ ಮಾತಿನಲ್ಲೇ ನಂಟಿದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಎಲ್ಲರಿಗೂ ಗೊತ್ತು. ಏನು ಮಾಡ್ತಿದ್ದೀಯ ಅಂತ ಯಾರಾದರೂ ಫೋನಿನಲ್ಲಿ ಕೇಳಿದರೆ "ಸುಮ್ನೆ ಕೂತಿದ್ದೇನೆ" ಅನ್ನುತ್ತೇವೆ. ಕಾಲಿನಲ್ಲಿ ನಡೆಯುವವರಿಗೆ ಇದು ಹೊಂದುತ್ತದೆ. ಕೂತರೆ ದೇಹಕ್ಕೆ ಕೆಲಸ ನಿಂತಿತು, ಎದ್ದರೆ ಶುರುವಾಯಿತು. ವೀಲ್‌ಚೇರ್ ಬಳಸುವವರಿಗೆ ಹಾಗಲ್ಲ. ಅವರು ಕೂತೇ ಏರು ದಾರಿಯಲ್ಲಿ ಚಕ್ರ ತಳ್ಳುತ್ತಾರೆ. ಕೂತೇ ಬಾಸ್ಕೆಟ್‌ಬಾಲ್ ಆಡುತ್ತಾರೆ, ಪಾತ್ರೆ ತೊಳೆಯುತ್ತಾರೆ, ಗಿಡಕ್ಕೆ ನೀರು ಹಾಕುತ್ತಾರೆ. ಕೂರುವುದು ಅವರ ಭಂಗಿ ಮಾತ್ರ. ಸಮಸ್ಯೆ ಇರುವುದು 'ಸುಮ್ನೆ' ಅನ್ನುವ ಪದದಲ್ಲಿ.

ವಿಜ್ಞಾನಿಗಳೂ ಈ ಗಂಟನ್ನು ಬಿಡಿಸಿದ್ದು ಇತ್ತೀಚೆಗೆ. ಜಡವಾಗಿ ಕಳೆಯುವ ಹೊತ್ತನ್ನು ಅಧ್ಯಯನ ಮಾಡುವ ಸಂಶೋಧಕರ ಬಳಗವೊಂದು 2017ರಲ್ಲಿ ಒಪ್ಪಿಕೊಂಡ ವ್ಯಾಖ್ಯೆ ಹೀಗಿದೆ: ಎಚ್ಚರವಾಗಿದ್ದು, ಕೂತು, ಒರಗಿ ಅಥವಾ ಮಲಗಿ, 1.5 ಮೆಟ್ ಅಥವಾ ಅದಕ್ಕಿಂತ ಕಡಿಮೆ ಶಕ್ತಿ ಖರ್ಚು ಮಾಡುವ ಹೊತ್ತು. ಒಂದು ಮೆಟ್ ಅಂದರೆ ದೇಹ ಸುಮ್ಮನಿದ್ದಾಗ ಬೇಕಾಗುವಷ್ಟು ಶಕ್ತಿ. ಅಂದರೆ ಭಂಗಿ ಮತ್ತು ಖರ್ಚು, ಎರಡೂ ಷರತ್ತು ಒಟ್ಟಿಗೆ ಕೂಡಿ ಬರಬೇಕು. ವೀಲ್‌ಚೇರ್‌ನವರ ಮಟ್ಟಿಗೆ ಭಂಗಿಯ ಷರತ್ತು ದಿನವಿಡೀ ಪೂರೈಸಿರುತ್ತದೆ. ಹಾಗಾಗಿ ನೋಡಬೇಕಾದದ್ದು ಖರ್ಚನ್ನು ಮಾತ್ರ. ಕೈ ಆಡುತ್ತಿದ್ದರೆ, ಚಕ್ರ ಉರುಳುತ್ತಿದ್ದರೆ ಅದು ಜಡ ಹೊತ್ತಲ್ಲ.

ಈ ತಿಳಿವಳಿಕೆ ನಿಧಾನವಾಗಿ ಬೇರೆ ಕಡೆಗೂ ಬಂತು. ಆಪಲ್ ಕಂಪನಿಯ ಕೈಗಡಿಯಾರ ಮೊದಲು ಎಲ್ಲರಿಗೂ 'ಎದ್ದು ನಿಲ್ಲಿ' ಅಂತಲೇ ನೆನಪಿಸುತ್ತಿತ್ತು. 2016ರಲ್ಲಿ ವೀಲ್‌ಚೇರ್ ಬಳಸುವವರಿಗೆ ಬೇರೆ ಸೆಟ್ಟಿಂಗ್ ಬಂತು. ಅದರಲ್ಲಿ 'ಚಕ್ರ ಉರುಳಿಸಿ' ಅನ್ನುವ ನೆನಪು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವ್ಯಾಯಾಮದ ಬಗ್ಗೆ 2010ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಅಂಗವಿಕಲರಿಗೆ ಪ್ರತ್ಯೇಕ ಸಲಹೆಯೇ ಇರಲಿಲ್ಲ. 2020ರ ಮಾರ್ಗಸೂಚಿಯಲ್ಲಿ ಮೊದಲ ಸಲ ಸೇರಿತು. ಜಡ ಹೊತ್ತು ಕಡಿಮೆ ಮಾಡಿ, ಅದರ ಜಾಗಕ್ಕೆ ಎಷ್ಟೇ ಹಗುರವಾದ ಚಟುವಟಿಕೆ ತಂದರೂ ಲಾಭವಿದೆ ಎಂದು ಅದು ಹೇಳುತ್ತದೆ. 'ಎಷ್ಟೇ ಹಗುರವಾದ' ಅನ್ನುವ ಮಾತು ನಮ್ಮಂಥ ಮನೆಗಳಿಗೆ ದೊಡ್ಡದು.

ಕಾಲು ನಿಂತ ಮೇಲೆ ದೇಹದೊಳಗೆ ಏನಾಗುತ್ತದೆ

ಊಟ ಮಾಡಿದ ಮೇಲೆ ರಕ್ತಕ್ಕೆ ಬರುವ ಸಕ್ಕರೆಗೆ ದೊಡ್ಡ ಗಿರಾಕಿ ಸ್ನಾಯು. ಅದರಲ್ಲೂ ತೊಡೆ ಮತ್ತು ಪೃಷ್ಠದ ದಪ್ಪ ಸ್ನಾಯುಗಳು. ಬೆನ್ನುಹುರಿ ಕಡಿದಾಗ ಈ ದೊಡ್ಡ ಗಿರಾಕಿಗಳೇ ಅಂಗಡಿಗೆ ಬರುವುದನ್ನು ನಿಲ್ಲಿಸುತ್ತಾರೆ. ಕೆಲವು ತಿಂಗಳಲ್ಲೇ ತೊಡೆ ತೆಳ್ಳಗಾಗುತ್ತದೆ, ಸ್ನಾಯು ಇದ್ದ ಜಾಗದಲ್ಲಿ ಕೊಬ್ಬು ಸೇರುತ್ತದೆ. ಉಳಿದದ್ದು ತೋಳು, ಭುಜ, ಎದೆಯ ಸಣ್ಣ ಸ್ನಾಯುಗಳು. ಅಷ್ಟರಲ್ಲೇ ಇಡೀ ದೇಹದ ವ್ಯಾಪಾರ ನಡೆಯಬೇಕು.

ಸುಮ್ಮನಿದ್ದಾಗ ದೇಹ ಸುಡುವ ಶಕ್ತಿಯೂ ಇಳಿಯುತ್ತದೆ. ಬೆನ್ನುಹುರಿ ಪೆಟ್ಟಾದವರಲ್ಲಿ ಇದು ಬೇರೆಯವರಿಗಿಂತ 14ರಿಂದ 27 ಶೇಕಡಾ ಕಡಿಮೆ ಎಂದು 2004ರಲ್ಲಿ ಬಂದ ಒಂದು ವಿಮರ್ಶೆ ಲೆಕ್ಕ ಹಾಕಿತ್ತು. ಒಂದು ಮೆಟ್‌ಗೆ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್ ಆಮ್ಲಜನಕ ಎಂದು ಪುಸ್ತಕದಲ್ಲಿರುತ್ತದೆ. ಬೆನ್ನುಹುರಿ ಪೆಟ್ಟಾದವರನ್ನು 2010ರಲ್ಲಿ ಅಳೆದು ನೋಡಿದಾಗ ಸಿಕ್ಕಿದ್ದು 2.7. ಹಾಗಾಗಿ ಪೆಟ್ಟು ಬೀಳುವ ಮೊದಲು ತಿನ್ನುತ್ತಿದ್ದಷ್ಟೇ ಕುಚ್ಚಲಕ್ಕಿ ಅನ್ನ ತಿಂದರೂ ತೂಕ ಏರುತ್ತದೆ. ತಕ್ಕಡಿಯನ್ನು ನಂಬುವ ಹಾಗೂ ಇಲ್ಲ. ಸ್ನಾಯು ಕರಗಿ ಕೊಬ್ಬು ಸೇರಿದ್ದರೆ ತೂಕ ಅಷ್ಟೇ ಇದ್ದೂ ಅಪಾಯ ಬೆಳೆದಿರುತ್ತದೆ. ಸಾಮಾನ್ಯ ಅಂತಾರಾಷ್ಟ್ರೀಯ ಲೆಕ್ಕದಲ್ಲಿ ಬೊಜ್ಜಿನ ಗೆರೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30 ಆದರೆ, ಇವರಿಗೆ 22ಕ್ಕೇ ಎಚ್ಚರ ಬೇಕು ಎಂದು ಸಂಶೋಧಕರು ಹೇಳುವುದು ಇದೇ ಕಾರಣಕ್ಕೆ. ಮಾವನ ಬಿಎಂಐ 24 ಇತ್ತು. ಸಣ್ಣಗೇ ಇದ್ದೀರಿ, ಏನೂ ತೊಂದರೆ ಇಲ್ಲ ಅಂತಲೇ ಎಲ್ಲರೂ ಹೇಳುತ್ತಿದ್ದೆವು.

ಒಂದು ಕಾಲದಲ್ಲಿ ಬೆನ್ನುಹುರಿ ಪೆಟ್ಟಾದವರು ಮೂತ್ರದ ಸೋಂಕು ಮತ್ತು ಹಾಸಿಗೆ ಹುಣ್ಣಿನಿಂದ ಸಾಯುತ್ತಿದ್ದರು. ಎರಡನೇ ಮಹಾಯುದ್ಧಕ್ಕೆ ಮೊದಲು ಎರಡು, ಮೂರು ವರ್ಷ ಬದುಕಿದರೆ ಹೆಚ್ಚು. ಅಲುಗಾಡಿಸದೆ ಮಲಗಿಸುವುದೇ ಆಗಿನ ಚಿಕಿತ್ಸೆ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಇದನ್ನು ತಲೆಕೆಳಗು ಮಾಡಿದರು. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ, ಕೂರಿಸಿ, ಕೆಲಸ ಕೊಟ್ಟು, ಆಟ ಆಡಿಸಿದರು. 1948ರಲ್ಲಿ ಗಾಯಗೊಂಡ 16 ಮಂದಿ ಸೈನಿಕರು ಅಲ್ಲಿ ವೀಲ್‌ಚೇರ್‌ನಲ್ಲಿ ಕೂತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ಈಗ ಒಳ್ಳೆಯ ಆರೈಕೆ ಸಿಕ್ಕರೆ ಸೋಂಕನ್ನೂ ಹುಣ್ಣನ್ನೂ ತಡೆಯಬಹುದು, ಜನ ದಶಕಗಟ್ಟಲೆ ಬದುಕುತ್ತಾರೆ. ಹಾಗೆ ಬದುಕಿದಾಗ ಮುಂದೆ ಬಂದು ನಿಲ್ಲುವ ಅಪಾಯ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ. ಅದಕ್ಕೇ ಸುಮ್ನೆ ಕೂತಿರುವ ಹೊತ್ತಿನ ಮಾತು ಈಗ ಮುಖ್ಯವಾಗಿರುವುದು.

ವಾರಕ್ಕೆ ನಲವತ್ತು ನಿಮಿಷ, ಉಳಿದ ಹೊತ್ತು?

ಬೆನ್ನುಹುರಿ ಪೆಟ್ಟಾದವರಿಗೆಂದೇ 2018ರಲ್ಲಿ ಅಂತಾರಾಷ್ಟ್ರೀಯ ವ್ಯಾಯಾಮ ಸೂಚಿ ಬಂದಿದೆ. ಮೈಯ ಕಸುವಿಗೆ ವಾರಕ್ಕೆ ಎರಡು ಸಲ ಕನಿಷ್ಠ 20 ನಿಮಿಷ ಉಸಿರು ಏರುವಂಥ ವ್ಯಾಯಾಮ, ಜೊತೆಗೆ ಕೆಲಸ ಮಾಡುವ ಸ್ನಾಯುಗಳಿಗೆ ಎರಡು ಸಲ ಬಲದ ವ್ಯಾಯಾಮ. ಹೃದಯ ಮತ್ತು ಸಕ್ಕರೆಯ ಆರೋಗ್ಯಕ್ಕೆ ವಾರಕ್ಕೆ ಮೂರು ಸಲ ಕನಿಷ್ಠ 30 ನಿಮಿಷ. ಒಳ್ಳೆಯ ಸೂಚಿ ಅದು. ಏನೂ ಮಾಡದವರಿಗೆ ಎಟುಕುವಂತಿದೆ.

ಆದರೆ ಒಂದು ಲೆಕ್ಕ ಹಾಕಿ ನೋಡಿ. ದಿನಕ್ಕೆ 16 ಗಂಟೆ ಎಚ್ಚರವಿದ್ದರೆ ವಾರಕ್ಕೆ 6,720 ನಿಮಿಷ. ಅದರಲ್ಲಿ ವ್ಯಾಯಾಮ 40 ನಿಮಿಷ, ಅಥವಾ 90 ನಿಮಿಷ. ಉಳಿದ ಆರು ಸಾವಿರದ ಆರುನೂರು ಚಿಲ್ಲರೆ ನಿಮಿಷದಲ್ಲಿ ಏನು ನಡೆಯುತ್ತದೆ? ಟಿವಿ, ಮೊಬೈಲು, ಕಿಟಕಿ. ಫಿಸಿಯೋಥೆರಪಿಸ್ಟ್ ಬಂದು ಹೋದ ಮೇಲೆ ಮನೆಯವರೆಲ್ಲ ಇವತ್ತಿನ ವ್ಯಾಯಾಮ ಮುಗಿಯಿತು ಅಂದುಕೊಳ್ಳುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು.

2012ರಲ್ಲಿ ಆಸ್ಟ್ರೇಲಿಯಾದಲ್ಲಿ ತೂಕ ಜಾಸ್ತಿ ಇದ್ದ 19 ಜನರನ್ನು ಐದು ಗಂಟೆ ಕೂರಿಸಿ, ಪ್ರತಿ 20 ನಿಮಿಷಕ್ಕೊಮ್ಮೆ ಎರಡೇ ನಿಮಿಷ ನಡೆಸಿದರು. ಏಳದೆ ಕೂತ ದಿನಕ್ಕೆ ಹೋಲಿಸಿದರೆ ಊಟದ ನಂತರದ ಸಕ್ಕರೆ ಗಣನೀಯವಾಗಿ ಇಳಿದಿತ್ತು. ಇವರೆಲ್ಲ ನಡೆಯಬಲ್ಲವರು. ಹಾಗಾದರೆ ನಡೆಯಲಾಗದವರಿಗೆ? ಇಂಗ್ಲೆಂಡಿನ ಸಂಶೋಧಕರು 2020ರಲ್ಲಿ ಇದನ್ನೇ ಪರೀಕ್ಷಿಸಿದರು. ಕಾಲಿನ ಸ್ವಾಧೀನ ಕಳೆದುಕೊಂಡ 14 ಮಂದಿ ಎರಡು ಬೇರೆ ಬೇರೆ ದಿನ ಐದೂವರೆ ಗಂಟೆ ಪ್ರಯೋಗಾಲಯದಲ್ಲಿ ಇದ್ದರು. ಒಂದು ದಿನ ಅಲುಗಾಡದೆ ಕೂತರು. ಇನ್ನೊಂದು ದಿನ ಪ್ರತಿ 20 ನಿಮಿಷಕ್ಕೆ ಎರಡು ನಿಮಿಷ ಕೈಯಿಂದ ಪೆಡಲ್ ತಿರುಗಿಸಿದರು. ಎರಡನೇ ದಿನ ಮಧ್ಯಾಹ್ನದ ಊಟದ ನಂತರ ಸಕ್ಕರೆ ಅಷ್ಟು ಏರಲಿಲ್ಲ. ಬೆಳಗಿನ ತಿಂಡಿಯ ನಂತರ ಅಂಥ ವ್ಯತ್ಯಾಸ ಸಿಗಲಿಲ್ಲ.

ಇದನ್ನು ಇರುವಷ್ಟೇ ಅಳತೆಯಲ್ಲಿ ನೋಡಬೇಕು. ಹದಿನಾಲ್ಕು ಜನ, ಒಂದೊಂದು ದಿನ. ವರ್ಷಗಟ್ಟಲೆ ಹೀಗೆ ಮಾಡಿದರೆ ಹೃದಯಾಘಾತ ಇಷ್ಟು ಕಡಿಮೆಯಾಗುತ್ತದೆ ಅಂತ ಇದರಿಂದ ಹೇಳಲಾಗದು. ಆದರೂ ನನಗೆ ಇದು ದೊಡ್ಡ ವಿಷಯ ಅನ್ನಿಸಿತು. ತೋಳಿನ ಸಣ್ಣ ಸ್ನಾಯುಗಳು ಎರಡೆರಡು ನಿಮಿಷ ಕೆಲಸ ಮಾಡಿದರೂ ರಕ್ತದಲ್ಲಿ ಗೊತ್ತಾಗುತ್ತದೆ ಅಂತ ಆಯಿತಲ್ಲ. ಜಿಮ್ ಬೇಕಿಲ್ಲ, ಬೆವರು ಸುರಿಯಬೇಕಿಲ್ಲ. ಬೇಕಾದದ್ದು ಮತ್ತೆ ಮತ್ತೆ ಮಾಡುವುದು.

ಬೆನ್ನುಹುರಿ ಪೆಟ್ಟಾದವರ ದಿನದಲ್ಲಿ ಹೀಗೆ ಮತ್ತೆ ಮತ್ತೆ ಮಾಡಲೇಬೇಕಾದ ಕೆಲಸ ಈಗಾಗಲೇ ಒಂದಿದೆ. ಕೂತ ಜಾಗದ ಒತ್ತಡ ಇಳಿಸುವುದು. ನಮಗೆಲ್ಲ ಒಂದೇ ಕಡೆ ಕೂತರೆ ನೋವಾಗುತ್ತದೆ, ಗೊತ್ತಿಲ್ಲದೆಯೇ ಹೊರಳುತ್ತೇವೆ. ಅವರಿಗೆ ಆ ನೋವು ತಲುಪುವುದಿಲ್ಲ. ಚರ್ಮ ಸುಮ್ನೆ ಸಾಯುತ್ತದೆ. ಅದಕ್ಕೇ 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ ಭಾರ ಬದಲಿಸಬೇಕು ಎಂದು ಕಲಿಸುತ್ತಾರೆ. ಎಷ್ಟು ಹೊತ್ತು? 2003ರ ಒಂದು ಅಧ್ಯಯನದಲ್ಲಿ ಒತ್ತಿದ ಚರ್ಮಕ್ಕೆ ಆಮ್ಲಜನಕ ಪೂರ್ತಿ ಮರಳಲು ಸರಾಸರಿ 1 ನಿಮಿಷ 51 ಸೆಕೆಂಡ್ ಬೇಕಾಗಿತ್ತು. ಕೈ ಊರಿ ಮೈ ಎತ್ತಿ ಹತ್ತು ಎಣಿಸಿ ಇಳಿಯುವುದು ಸಾಲುವುದಿಲ್ಲ. ಅದರಿಂದ ಭುಜವೂ ಹಾಳಾಗುತ್ತದೆ.

ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನಮ್ಮ ಮನೆಯ ದಾರಿ ಸಿಕ್ಕಿತು. ಚರ್ಮಕ್ಕೆ ಅರ್ಧ ಗಂಟೆಯೊಳಗೆ ಎರಡು ನಿಮಿಷ. ಸಕ್ಕರೆಗೂ ಹೆಚ್ಚುಕಡಿಮೆ ಅಷ್ಟೇ. ಎರಡಕ್ಕೂ ಒಂದೇ ಅಲಾರಂ ಸಾಕು! ಮೊಬೈಲು ಸದ್ದು ಮಾಡಿದಾಗ ಮಾವ ಎರಡು ನಿಮಿಷ ಮೇಜಿನ ಮೇಲೆ ಮುಂದಕ್ಕೆ ಬಾಗುತ್ತಾರೆ, ಆಮೇಲೆ ಎರಡು ನಿಮಿಷ ಕೈಪೆಡಲ್ ತಿರುಗಿಸುತ್ತಾರೆ. ಕಾಲಿಗೆಂದು ಮಾರುವ ಸಣ್ಣ ಪೆಡಲ್ ಯಂತ್ರವನ್ನೇ ಮೇಜಿನ ಮೇಲೆ ಕಟ್ಟಿದ್ದೇವೆ. ದಿನವಿಡೀ ಆಗುವುದಿಲ್ಲ. ಊಟವಾದ ಮೇಲಿನ ಎರಡು, ಮೂರು ಗಂಟೆ ಬಿಡದೆ ಮಾಡುತ್ತಾರೆ.

ಭುಜ ಉಳಿಯಬೇಕು

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಕೈಯಿಂದ ತಳ್ಳುವ ವೀಲ್‌ಚೇರ್ ಬಳಸುವವರಲ್ಲಿ ಭುಜದ ನೋವು ಬಹಳ ಸಾಮಾನ್ಯ. ಭುಜದ ಕೀಲು ದೇಹದ ಭಾರ ಹೊರಲು ಆದದ್ದಲ್ಲ. ಇವರಿಗೆ ಅದೇ ಕಾಲು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ, ಮತ್ತೆ ಕುರ್ಚಿಗೆ, ದಿನಕ್ಕೆ ಎಷ್ಟು ಸಲವೋ. ಚಟುವಟಿಕೆ ಜಾಸ್ತಿ ಮಾಡಿ ಅಂತ ಸುಮ್ನೆ ಹೇಳಿ ಅದೇ ಭುಜಕ್ಕೆ ಇನ್ನಷ್ಟು ತಳ್ಳುವ ಕೆಲಸ ಕೊಟ್ಟರೆ, ಒಂದು ದಿನ ಭುಜ ಸೋಲುತ್ತದೆ. ಆಮೇಲೆ ಚಕ್ರ ತಳ್ಳುವುದೂ ಇಲ್ಲ, ಸ್ವಂತವಾಗಿ ಹಾಸಿಗೆ ಹತ್ತುವುದೂ ಇಲ್ಲ.

ಪರಿಹಾರ ವಿಶ್ರಾಂತಿಯಲ್ಲ. ಯಾವ ಸ್ನಾಯುವನ್ನು ದುಡಿಸಬೇಕು ಅನ್ನುವ ವಿವೇಕ. ಚಕ್ರ ತಳ್ಳುವಾಗ ಎದೆ ಮತ್ತು ಭುಜದ ಮುಂಭಾಗ ದುಡಿಯುತ್ತದೆ. ಹಿಂಭಾಗ, ಅಂದರೆ ಬೆನ್ನಿನ ರೆಕ್ಕೆ ಮೂಳೆಯ ಸುತ್ತಲಿನ ಸ್ನಾಯು ಸೊರಗುತ್ತದೆ. ಆದ್ದರಿಂದ ಎಳೆಯುವ ವ್ಯಾಯಾಮ ಬೇಕು. ಬಾವಿಯಿಂದ ನೀರು ಸೇದುವ ಹಾಗೆ, ದೋಣಿ ಹುಟ್ಟು ಹಾಕುವ ಹಾಗೆ. ಕಿಟಕಿಯ ಸರಳಿಗೆ ಕಟ್ಟಿದ ರಬ್ಬರ್ ಪಟ್ಟಿ ಸಾಕು, ಹಳೆಯ ಸೈಕಲ್ ಟ್ಯೂಬಾದರೂ ಆದೀತು. 2011ರಲ್ಲಿ ಅಮೆರಿಕದಲ್ಲಿ ಭುಜ ನೋವಿದ್ದ 80 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ಮನೆಯಲ್ಲೇ 12 ವಾರ ಇಂಥ ಬಲದ ವ್ಯಾಯಾಮ ಮಾಡಿ, ಎತ್ತುವ, ದಾಟುವ ರೀತಿ ತಿದ್ದಿಕೊಂಡವರ ನೋವು ಬಹಳಷ್ಟು ಇಳಿಯಿತು. ಚಕ್ರ ತಳ್ಳುವುದಕ್ಕೂ ಒಂದು ರೀತಿ ಇದೆ. ಟಕಟಕ ಅಂತ ಸಣ್ಣ ಸಣ್ಣ ತಳ್ಳು ಬೇಡ. ಕೈಯನ್ನು ಹಿಂದಿನಿಂದ ಮುಂದಕ್ಕೆ ಉದ್ದಕ್ಕೆ ಒಯ್ದು, ಬಿಟ್ಟು, ಕೆಳಗಿನಿಂದ ವಾಪಸ್ ತರಬೇಕು.

ಇದೆಲ್ಲ ಆಗಬೇಕಾದರೆ ವೀಲ್‌ಚೇರ್ ಮೈಗೆ ಹೊಂದಬೇಕು. ಮಾವನಿಗೆ ಮೊದಲು ಸಿಕ್ಕ ವೀಲ್‌ಚೇರ್ ಒಂದು ಶಿಬಿರದಲ್ಲಿ ಕೊಟ್ಟದ್ದು. ಆಸ್ಪತ್ರೆಯ ವರಾಂಡದಲ್ಲಿ ರೋಗಿಗಳನ್ನು ತಳ್ಳಿಕೊಂಡು ಹೋಗುತ್ತಾರಲ್ಲ, ಅದೇ ಮಾದರಿ. ಅಗಲವಾದ ಸೀಟು, ತೆಗೆಯಲಾಗದ ತೋಳು, ದೊಡ್ಡ ಚಕ್ರ ತೀರಾ ಹಿಂದೆ. ಅದು ಇನ್ನೊಬ್ಬರು ತಳ್ಳಲು ಮಾಡಿದ ಕುರ್ಚಿ. ಕೂತವರೇ ತಳ್ಳಲು ಹೋದರೆ ಕೈ ಹಿಂದಕ್ಕೆ ತಿರುಚಿಕೊಳ್ಳುತ್ತದೆ. ದೊಡ್ಡ ಚಕ್ರದ ಅಚ್ಚು ಸ್ವಲ್ಪ ಮುಂದೆ ಬಂದರೆ ಅದೇ ದೂರಕ್ಕೆ ಕಡಿಮೆ ತಳ್ಳು ಸಾಕು. ಆರು ವರ್ಷ ಅವರು ಆ ಕುರ್ಚಿಯಲ್ಲಿ ಕೂತಲ್ಲೇ ಕೂತಿದ್ದಕ್ಕೆ ಸೋಮಾರಿತನ ಕಾರಣ ಅಲ್ಲ ಅಂತ ನಮಗೆ ಗೊತ್ತಾದದ್ದು ಹೊಸದು ಬಂದ ಮೇಲೆ.

ವೀಲ್‌ಚೇರ್ ಕೊಡುವುದೆಂದರೆ ಅಳತೆ ತೆಗೆಯುವುದು, ಹೊಂದಿಸುವುದು, ಓಡಿಸಲು ಕಲಿಸುವುದು, ಆಮೇಲೆ ಬಂದು ನೋಡುವುದು ಎಲ್ಲ ಸೇರಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಬರೆದಿದೆ, ಅದೂ ಬಡ ದೇಶಗಳಿಗೆಂದೇ. ಹಾರ ಹಾಕಿ, ಫೋಟೋ ತೆಗೆದು, ಒಂದೇ ಅಳತೆಯ ಐವತ್ತು ಕುರ್ಚಿ ಹಂಚುವವರ ಮನಸ್ಸು ಒಳ್ಳೆಯದೇ. ಆದರೆ ಚಪ್ಪಲಿಯನ್ನು ನಾವು ಯಾರಿಗೂ ಅಳತೆ ಕೇಳದೆ ಕೊಡುವುದಿಲ್ಲ, ಅಲ್ವಾ? ನಮ್ಮ ದೇಶದಲ್ಲೇ ಈಗ ಒಳ್ಳೆಯ ಕೆಲಸ ಆಗಿದೆ. ಐಐಟಿ ಮದ್ರಾಸಿನಲ್ಲಿ ಹುಟ್ಟಿದ ನಿಯೋಫ್ಲೈ ಕುರ್ಚಿಯನ್ನು ಅವರವರ ಅಳತೆಗೆ ಹೊಂದಿಸಿ ಕೊಡುತ್ತಾರೆ. ಅದಕ್ಕೆ ಮುಂದೆ ಸಿಕ್ಕಿಸುವ ನಿಯೋಬೋಲ್ಟ್ ಎಂಬ ಮೋಟಾರು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಮೋಟಾರು ಹಾಕಿದರೆ ಕೈಗೆ ಕೆಲಸ ತಪ್ಪುವುದಿಲ್ಲವೇ ಎಂದು ಕೇಳಬಹುದು. ದೂರದ ದಾರಿಗೆ ಮೋಟಾರು ಇದ್ದರೆ ಮನೆಯಿಂದ ಹೊರಡುವ ಧೈರ್ಯ ಬರುತ್ತದೆ. ಹೊರಟವರು ಅಲ್ಲಿ ಹೋಗಿ ನಾಲ್ಕು ಕೆಲಸ ಮಾಡುತ್ತಾರೆ. ಮನೆಯೊಳಗೆ ಉಳಿದವರು ಒಂದನ್ನೂ ಮಾಡುವುದಿಲ್ಲ.

ಹೊಸ್ತಿಲು, ಬಚ್ಚಲು, ಪ್ರೀತಿ

ಮಾವ ಕಾಫಿ ಬೇಕು ಅನ್ನುವ ಮೊದಲೇ ಅತ್ತೆ ಕಾಫಿ ತಂದಿಡುತ್ತಿದ್ದರು. ಅವರು ಟವೆಲಿಗೆ ಕೈ ಚಾಚಿದರೆ "ನೀವು ಸುಮ್ನೆ ಕೂತ್ಕೊಳ್ಳಿ, ನಾನು ತಂದು ಕೊಡ್ತೇನೆ" ಅನ್ನುತ್ತಿದ್ದರು. ಇದರಲ್ಲಿ ಪ್ರೀತಿ ಬಿಟ್ಟು ಬೇರೇನೂ ಇಲ್ಲ. ಬಿದ್ದ ದಿನದ ಭಯ ಇನ್ನೂ ಅವರ ಎದೆಯಲ್ಲಿದೆ. ಆದರೆ ಎಣಿಸಿ ನೋಡಿದರೆ ದಿನಕ್ಕೆ ಹತ್ತಾರು ಸಲ ಮಾವನ ಕೈ ಮಾಡಬೇಕಾಗಿದ್ದ ಕೆಲಸವನ್ನು ಇನ್ನೊಬ್ಬರ ಕೈ ಮಾಡುತ್ತಿತ್ತು. ಅತ್ತೆಯ ಬೆನ್ನೂ ಸವೆಯುತ್ತಿತ್ತು, ಮಾವನ ಸಕ್ಕರೆಯೂ ಏರುತ್ತಿತ್ತು. ಜಡ ಹೊತ್ತು ಕಡಿಮೆ ಮಾಡುವ ಮಾತನ್ನು ರೋಗಿಗೆ ಮಾತ್ರ ಹೇಳಿದರೆ ಸಾಲದು, ಪಕ್ಕದಲ್ಲಿ ನಿಂತವರಿಗೂ ಹೇಳಬೇಕು ಅಂತ ನನಗೆ ಅನ್ನಿಸಿದ್ದು ಆಗ.

ಮನೆ ಕೂಡ ಹಾಗೆಯೇ. ಅಡುಗೆಮನೆಯ ಹೊಸ್ತಿಲು ಎರಡು ಇಂಚು ಎತ್ತರ. ನಮಗೆ ಅದು ಕಾಣುವುದೇ ಇಲ್ಲ, ವೀಲ್‌ಚೇರ್‌ನ ಮುಂದಿನ ಸಣ್ಣ ಚಕ್ರಕ್ಕೆ ಅದು ಗೋಡೆ. ಕಾಫಿಪುಡಿ ಡಬ್ಬ ಇರುವುದು ಮೇಲಿನ ಗೂಡಿನಲ್ಲಿ. ಸ್ಟೌವ್ ಕಟ್ಟೆ ಎದೆಮಟ್ಟ. ಇವನ್ನೆಲ್ಲ ಬದಲಿಸಲು ಹೆಚ್ಚು ದುಡ್ಡು ಬೇಕಾಗಲಿಲ್ಲ. ಹೊಸ್ತಿಲಿನ ಎರಡೂ ಕಡೆ ಹಲಗೆಯ ಇಳಿಜಾರು ಇಟ್ಟೆವು. ಮಂಡಿ ಕೆಳಗೆ ಹೋಗುವಷ್ಟು ಎತ್ತರದ ಮೇಜು ಹಾಕಿ ಅದರ ಮೇಲೆ ಇಂಡಕ್ಷನ್ ಒಲೆ ಇಟ್ಟೆವು. ಬಿಸಿ ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಾತ್ರ ಎಂದೂ ಸಾಗಿಸಬಾರದು. ಚರ್ಮಕ್ಕೆ ಗೊತ್ತಾಗದೆ ಸುಟ್ಟು, ತಿಂಗಳುಗಟ್ಟಲೆ ಮಾಯದ ಗಾಯಗಳನ್ನು ನಾನು ನೋಡಿದ್ದೇನೆ. ಲ್ಯಾಪ್‌ಟಾಪಿನ ಬಿಸಿಯೂ ಸಾಕು.

ಆದರೆ ಹೆಚ್ಚಿನವರನ್ನು ಮನೆಯಲ್ಲೇ ಕೂರಿಸುವುದು ಬಚ್ಚಲು. ಈ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬೆನ್ನುಹುರಿ ಪೆಟ್ಟಾದವರಲ್ಲಿ ಬಹಳ ಮಂದಿ ನಾಲ್ಕರಿಂದ ಆರು ಗಂಟೆಗೊಮ್ಮೆ ತಾವೇ ಸಣ್ಣ ಪೈಪ್ ಹಾಕಿ ಮೂತ್ರ ತೆಗೆಯಬೇಕಾಗುತ್ತದೆ. ಅದಕ್ಕೆ ಶುಚಿಯಾದ, ವೀಲ್‌ಚೇರ್ ಒಳಗೆ ಹೋಗುವ ಜಾಗ ಬೇಕು. ಪೇಟೆಯಲ್ಲಿ, ಮದುವೆ ಹಾಲಿನಲ್ಲಿ, ಬ್ಯಾಂಕಿನಲ್ಲಿ ಅಂಥದ್ದು ಎಲ್ಲಿದೆ? ಹಾಗಾಗಿ ಹೊರಗೆ ಹೋಗುವ ದಿನ ನೀರು ಕುಡಿಯುವುದನ್ನೇ ಬಿಡುತ್ತಾರೆ. ಅದರಿಂದ ಸೋಂಕು ಬರುತ್ತದೆ. ಎರಡು ಸಲ ಸೋಂಕಾದ ಮೇಲೆ ಹೊರಗೆ ಹೋಗುವುದನ್ನೇ ಬಿಡುತ್ತಾರೆ. ಬೆಳಗ್ಗೆ ಬೇಗ ಎದ್ದು ವ್ಯಾಯಾಮ ಮಾಡಿ ಎಂಬ ಉಪದೇಶ ಈ ಮನುಷ್ಯನಿಗೆ ಏನು ಉಪಯೋಗ? ಊರಿನ ಗ್ರಂಥಾಲಯದ ಶೌಚಾಲಯದ ಬಾಗಿಲು ಮೂರು ಅಡಿ ಅಗಲ ಆದರೆ, ಅದು ಯಾವ ವ್ಯಾಯಾಮ ಶಿಬಿರಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಕಾನೂನು ನಮ್ಮ ಕಡೆಗೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಎಟುಕಬೇಕು ಎನ್ನುತ್ತದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ರಾಜೀವ್ ರಾತುರಿ ಪ್ರಕರಣದಲ್ಲಿ, ಇದು ಬರೀ ಸಲಹೆಯಾಗಿ ಉಳಿಯಬಾರದು, ಪಾಲಿಸಲೇಬೇಕಾದ ಕನಿಷ್ಠ ನಿಯಮಗಳನ್ನು ಮಾಡಿ ಎಂದು ಕೇಂದ್ರ ಸರ್ಕಾರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಇದನ್ನು ಸಾಮಾನ್ಯವಾಗಿ ಹಕ್ಕಿನ ವಿಷಯ ಎಂದು ಓದುತ್ತೇವೆ. ಆರೋಗ್ಯದ ವಿಷಯ ಎಂದೂ ಓದಬೇಕು. ರಸ್ತೆಯಲ್ಲಿ ಉರುಳುವ ಪ್ರತಿಯೊಂದು ಮೀಟರೂ ಜಡ ಹೊತ್ತಿನಿಂದ ಕಳೆದದ್ದೇ.

ಎಲ್ಲರಿಗೂ ಒಂದೇ ಮದ್ದಲ್ಲ

ಮಾವನಿಗೆ ಪೆಟ್ಟಾದದ್ದು ಬೆನ್ನಿನ ಕೆಳಭಾಗದಲ್ಲಿ. ಪೆಟ್ಟು ಮೇಲಕ್ಕೆ ಹೋದಷ್ಟೂ ಲೆಕ್ಕ ಬದಲಾಗುತ್ತದೆ. ಕುತ್ತಿಗೆಯ ಮಟ್ಟದಲ್ಲಿ ಆದರೆ ಕೈಗಳಿಗೂ ಬಲ ಕಡಿಮೆ. ಹೃದಯದ ಬಡಿತ ಏರಿಸುವ ನರಗಳ ಸಂಪರ್ಕವೂ ಕಡಿದಿರುತ್ತದೆ. ಅವರು ಎಷ್ಟೇ ಶ್ರಮಪಟ್ಟರೂ ನಾಡಿ 110, 130ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಗಡಿಯಾರ ತೋರಿಸುವ ನಾಡಿ ನೋಡಿ ಇವರು ಕಷ್ಟಪಡುತ್ತಿಲ್ಲ ಅಂದುಕೊಳ್ಳಬಾರದು. ಉಸಿರು ಎಷ್ಟು ಏರಿದೆ, ಮಾತಾಡಲು ಎಷ್ಟು ಕಷ್ಟ ಅನ್ನುವುದೇ ಅಳತೆ.

ಎದೆ ಮಟ್ಟದ ಆರನೇ ಮೂಳೆ, ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ (ರಿಪೋರ್ಟಿನಲ್ಲಿ ಟಿ6 ಅಥವಾ ಡಿ6 ಎಂದಿರುತ್ತದೆ) ಇನ್ನೊಂದು ಅಪಾಯವಿದೆ. ಮೂತ್ರಚೀಲ ತುಂಬಿದರೆ, ಮಲಬದ್ಧತೆ ಆದರೆ, ಬಟ್ಟೆ ಬಿಗಿಯಾದರೂ ಸಾಕು, ಇದ್ದಕ್ಕಿದ್ದಂತೆ ಬಿಪಿ ಏರುತ್ತದೆ. ಬಡಿಯುವಂಥ ತಲೆನೋವು, ಕೆಂಪಾದ ಮುಖ, ಕುತ್ತಿಗೆಯ ಮೇಲೆ ಬೆವರು ಇದರ ಗುರುತು. ಕೂಡಲೇ ನೆಟ್ಟಗೆ ಕೂರಿಸಿ, ಬಟ್ಟೆ ಸಡಿಲಿಸಿ, ಮೂತ್ರದ ಪೈಪ್ ಮಡಚಿದೆಯೇ ನೋಡಬೇಕು. ಇಳಿಯದಿದ್ದರೆ ಆಸ್ಪತ್ರೆಗೆ ಓಡಬೇಕು. ಜೀವಕ್ಕೇ ಅಪಾಯ. ವ್ಯಾಯಾಮಕ್ಕೆ ಮೊದಲು ಮೂತ್ರಚೀಲ ಖಾಲಿ ಮಾಡಿ ಅನ್ನುವುದು ಇದಕ್ಕೇ.

ಸೆಕೆ ಬೇರೆ ಇದೆ. ಪೆಟ್ಟಿನಿಂದ ಕೆಳಗೆ ಸರಿಯಾಗಿ ಬೆವರು ಬರುವುದಿಲ್ಲ, ದೇಹ ತಂಪಾಗುವುದಿಲ್ಲ. ಏಪ್ರಿಲಿನ ಕರಾವಳಿ, ಮೇ ತಿಂಗಳ ರಾಯಚೂರಿನಲ್ಲಿ ಮಧ್ಯಾಹ್ನ ಹೊರಗೆ ಚಕ್ರ ತಳ್ಳುವುದು ಬೇಡವೇ ಬೇಡ. ಫ್ಯಾನು, ಒದ್ದೆ ಬಟ್ಟೆ, ಬಾಟಲಿಯಿಂದ ನೀರು ಚಿಮುಕಿಸಿಕೊಳ್ಳುವುದು, ಇವೆಲ್ಲ ಚಿಕ್ಕ ವಿಷಯಗಳಲ್ಲ. ನಿಲ್ಲಿಸುವ ಚೌಕಟ್ಟಿನ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. ಅದರಲ್ಲಿ ನಿಂತರೆ ಮನಸ್ಸಿಗೆ ಖುಷಿ, ಕೆಲವರಿಗೆ ಕಾಲಿನ ಬಿಗಿತವೂ ಇಳಿಯುತ್ತದೆ. ಆದರೆ ಕಟ್ಟಿಸಿಕೊಂಡು ನಿಂತಾಗ ಸ್ನಾಯು ಕೆಲಸ ಮಾಡುತ್ತಿಲ್ಲ. ಅದು ಕೈ ಆಡಿಸುವುದಕ್ಕೆ ಬದಲಿಯಲ್ಲ. ಕಾಲಿನ ಮೂಳೆ, ಅದರಲ್ಲೂ ಮಂಡಿಯ ಸುತ್ತ, ವರ್ಷಗಳಲ್ಲಿ ಟೊಳ್ಳಾಗಿರುತ್ತದೆ. ಡಾಕ್ಟರನ್ನು ಕೇಳದೆ ನಿಲ್ಲಿಸಲು ಹೋಗಬಾರದು.

ಆಸ್ಪತ್ರೆ ಬಿಟ್ಟ ಮೇಲೆ

ನೆದರ್ಲೆಂಡ್ಸಿನಲ್ಲಿ ಬೆನ್ನುಹುರಿ ಪೆಟ್ಟಾದವರ ಚಲನೆಯನ್ನು ಅಳೆದು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪುನರ್ವಸತಿ ಕೇಂದ್ರದಲ್ಲಿ ಇದ್ದಷ್ಟು ದಿನ ಅವರ ಚಟುವಟಿಕೆ ಏರುತ್ತಾ ಹೋಯಿತು. ಮನೆಗೆ ಹೋದ ಕೂಡಲೇ ಬಿತ್ತು. ಅಷ್ಟು ಅನುಕೂಲದ ದೇಶದಲ್ಲೇ ಹೀಗಾದರೆ, ಆಸ್ಪತ್ರೆಯಿಂದ ಸೀದಾ ಜಗಲಿಯ ಮಂಚಕ್ಕೆ ಬರುವ ನಮ್ಮವರ ಗತಿ ಏನು? ಬೆಂಗಳೂರಿನಲ್ಲಿ 1959ರಿಂದ ಕೆಲಸ ಮಾಡುತ್ತಿರುವ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆ ಇದೆ. ಅಲ್ಲಿ ಬೆನ್ನುಹುರಿ ಪೆಟ್ಟಾದವರಿಗೆ ಪುನರ್ವಸತಿ ಇದೆ, ಅಂಗವಿಕಲರಿಗೆ ತೋಟಗಾರಿಕೆಯ ತರಬೇತಿಯೂ ಇದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಹತ್ತಿರ ಸೌತಡ್ಕದಲ್ಲಿ ಸೇವಾಭಾರತಿಯ ಸೇವಾಧಾಮ ಇವರಿಗೆಂದೇ ಇದೆ. ಇಂಥವು ಜಿಲ್ಲೆಗೊಂದಾದರೂ ಬೇಕು. ಅಲ್ಲಿಂದ ಒಬ್ಬರು ಮನೆಗೆ ಬಂದು ಹೊಸ್ತಿಲು ಅಳೆಯಬೇಕು, ಬಚ್ಚಲು ನೋಡಬೇಕು, ಮನೆಯವರ ಜೊತೆ ಮಾತಾಡಬೇಕು. ಆರು ತಿಂಗಳು ಬಿಟ್ಟು ಮತ್ತೆ ಬರಬೇಕು.

ಕೆಲಸ ಸಿಕ್ಕರೆ ಅರ್ಧ ಸಮಸ್ಯೆ ಹೋಗುತ್ತದೆ. ಮಾವ ಈಗ ಎತ್ತರದ ಮೇಜಿನಲ್ಲಿ ಅಡಿಕೆ ವಿಂಗಡಿಸುತ್ತಾರೆ. ಚೀಲವನ್ನು ಹತ್ತಿರ ಇಡಬೇಡಿ, ಕೋಣೆಯ ಆ ಕಡೆ ಇಡಿ, ನಾನೇ ಹೋಗಿ ಬುಟ್ಟಿಯಲ್ಲಿ ತರ್ತೇನೆ ಅಂದವರು ಅವರೇ.

ಜಗಲಿಯಿಂದ ಅಂಗಳಕ್ಕೆ ಎರಡು ಅಡಿ ಇಳಿಯಬೇಕಿತ್ತು. ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು ಅನ್ನುವುದು ನಿಯಮ. ಅಂದರೆ 24 ಅಡಿ. ಮೇಸ್ತ್ರಿ ಎಂಟು ಅಡಿ ಸಾಕು ಅಂದರು. ಅಷ್ಟು ಕಡಿದಾದರೆ ಮಾವ ಇಳಿಯಬಹುದು, ಒಬ್ಬರೇ ಹತ್ತಲಾರರು ಎಂದು ವಿವರಿಸಿದ ಮೇಲೆ ಒಪ್ಪಿ, ತುಳಸಿಕಟ್ಟೆಯ ಪಕ್ಕದಿಂದ ತಿರುಗಿಸಿ, ನಡುವೆ ನಿಂತು ಸುಧಾರಿಸಿಕೊಳ್ಳಲು ಸಮತಟ್ಟಾದ ಜಾಗ ಬಿಟ್ಟು ಕಟ್ಟಿದರು. ಈಗ ಬೆಳಗ್ಗೆ ಮಾವನೇ ಗೇಟಿನವರೆಗೆ ಹೋಗಿ ಪೇಪರ್ ತರುತ್ತಾರೆ, ಸಂಜೆ ಇನ್ನೊಂದು ಸಲ ಹೋಗಿ ಬರುತ್ತಾರೆ. ಮೊದಲ ದಿನಗಳಲ್ಲಿ ಅತ್ತೆ ಹಿಂದೆಯೇ ಹೋಗುತ್ತಿದ್ದರು. ಗೇಟಿನಿಂದ ಆಚೆ ಜಲ್ಲಿ ಕಿತ್ತ ರಸ್ತೆ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಕೆಸರು. ಆ ನಾಲ್ಕು ತಿಂಗಳು ಅವರು ಜಗಲಿಯಲ್ಲೇ ಪೆಡಲ್ ತಿರುಗಿಸುತ್ತಾರೆ. ರಸ್ತೆಗೆ ಕಾಂಕ್ರೀಟ್ ಹಾಕಿಕೊಡಿ ಎಂದು ಪಂಚಾಯಿತಿಗೆ ಕೊಟ್ಟ ಅರ್ಜಿಯಲ್ಲಿ ಈ ಸಲ ಕಾರಣವನ್ನೂ ಬರೆದಿದ್ದೇವೆ: ಸಕ್ಕರೆ ಕಾಯಿಲೆಗೆ ಚಿಕಿತ್ಸೆ.